ಮುಖಕ್ಕೆ ಇನ್ನಷ್ಟು ಹತ್ತಿರ: ಟ್ಯೂಬ್, ಕ್ಲೋಸ್‌ಅಪ್ ಫಿಲ್ಟರ್, ಮ್ಯಾಕ್ರೊ

ಪೋರ್ಟ್ರೇಟ್‌ಗೆ 85 ಎಂಎಂ ಲೆನ್ಸ್ ನನಗೆ ತುಂಬ ಇಷ್ಟ. ಆದರೆ ನನ್ನ ಎಫ್ 1.8 ಲೆನ್ಸ್ (ಈ ಅಂಕಿ ಅಪರ್ಚರ್‌ನದು, ಅಂದರೆ ಬೆಳಕು ಒಳಬರುವ ಕಿಂಡಿಯದು; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸುಮಾರು 80 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಮುಖ ಪೂರ್ತಿ ಸಿಗುತ್ತದೆ. ಅಜ್ಜಿಯ ಮೂಗುಬೊಟ್ಟು, ಕಣ್ಣಂಚಿನ ಸುಕ್ಕು, ಹಣೆಯ ಕುಂಕುಮ ಇಷ್ಟೇ ಬೇಕು ಅಂದರೆ ಸಿಗುವುದಿಲ್ಲ. ಅದಕ್ಕೇ ಎಕ್ಸ್‌ಟೆನ್ಶನ್ ಟ್ಯೂಬ್, ಕ್ಲೋಸ್‌ಅಪ್ ಫಿಲ್ಟರ್, ಬಾಡಿಗೆಗೆ ತಂದ 100 ಎಂಎಂ ಮ್ಯಾಕ್ರೊ (ತೀರ ಹತ್ತಿರದಿಂದಲೂ ಫೋಕಸ್ ಆಗುವ ಲೆನ್ಸ್) ಮೂರನ್ನೂ ಬಳಸಿ ನೋಡಿದೆ. ಬಸವನಗುಡಿಯ ಮನೆಯಲ್ಲಿ ಕಿಟಕಿ ಪಕ್ಕ ಕೂತ ಅಜ್ಜಿ ಒಂದು ಕಡೆ, ರವೀಂದ್ರ ಕಲಾಕ್ಷೇತ್ರದಲ್ಲಿ ಯಕ್ಷಗಾನದ ಚೌಕಿ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆ) ಇನ್ನೊಂದು ಕಡೆ.

ಟ್ಯೂಬಿನೊಳಗೆ ಗಾಜಿಲ್ಲ. ಅದು ಟೊಳ್ಳು ಕೊಳವೆ, ಲೆನ್ಸನ್ನು ಸೆನ್ಸರ್‌ನಿಂದ ಸ್ವಲ್ಪ ದೂರ ಇಡುತ್ತದೆ. ಲೆಕ್ಕವೂ ಸುಲಭ: ಟ್ಯೂಬಿನ ಉದ್ದವನ್ನು ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಹೆಸರಲ್ಲಿರುವ ಎಂಎಂ ಅಂಕಿ) ಭಾಗಿಸಬೇಕು. ಬರುವುದು ವರ್ಧನೆ, ಅಂದರೆ ಸೆನ್ಸರ್ ಮೇಲೆ ಬೀಳುವ ಚಿತ್ರ ನಿಜವಾದ ಗಾತ್ರದ ಎಷ್ಟು ಪಾಲು ಅನ್ನುವುದು. 12ನ್ನು 85ರಿಂದ ಭಾಗಿಸಿದರೆ 0.14. ಲೆನ್ಸಿಗೆ ಮೊದಲೇ ಇರುವ 0.13 ಸೇರಿದರೆ 0.27. ಫುಲ್ ಫ್ರೇಮ್ (36x24 ಎಂಎಂ ಸೆನ್ಸರ್) ಕ್ಯಾಮೆರಾದಲ್ಲಿ ಸುಮಾರು 13 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಜಾಗ ಫ್ರೇಮ್ ತುಂಬುತ್ತದೆ. ಅಂದರೆ ಹುಬ್ಬಿನಿಂದ ತುಟಿಯವರೆಗೆ ಆರಾಮಾಗಿ ಬರುತ್ತದೆ. ಟ್ಯೂಬ್ ಹಾಕಿದ ಮೇಲೆ ದೂರದ್ದು ಫೋಕಸ್ ಆಗುವುದಿಲ್ಲ ನಿಜ. ಆದರೆ 12 ಎಂಎಂ ಟ್ಯೂಬಿನಲ್ಲಿ ಸುಮಾರು 78 ಸೆಂಟಿಮೀಟರ್‌ವರೆಗೆ ಫೋಕಸ್ ಸಿಗುತ್ತದೆ, ಅಲ್ಲಿಂದ ಮುಖವೂ ಪೂರ್ತಿ ಬರುತ್ತದೆ. ಕೂತವರ ಫೋಟೋಗೆ ಇನ್ನೇನು ಬೇಕು? ಕೆಂಕೋ ಕಂಪನಿಯ ಸೆಟ್ಟಿನಲ್ಲಿ 12ರ ಜೊತೆ 20, 36 ಎಂಎಂ ಟ್ಯೂಬ್‌ಗಳೂ ಇರುತ್ತವೆ. ಮುಖಕ್ಕೆ ಅವು ಜಾಸ್ತಿಯಾಗುತ್ತವೆ. 36 ಹಾಕಿದರೆ ಒಂದು ಕಣ್ಣು, ಅದರ ಸುತ್ತಮುತ್ತ ಅಷ್ಟೇ.

ಇದೇ 12 ಎಂಎಂ ಟ್ಯೂಬನ್ನು 50 ಎಂಎಂ ಲೆನ್ಸಿಗೆ ಹಾಕಬೇಡಿ ಅಂತಲೇ ಹೇಳುತ್ತೇನೆ. ಫೋಕಸ್ ಸಿಗುವುದೇ 30 ಸೆಂಟಿಮೀಟರ್ ಆಸುಪಾಸಿನಲ್ಲಿ. ಅಷ್ಟು ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ, ಕ್ಯಾಮೆರಾದ ನೆರಳು ಕೆನ್ನೆ ಮೇಲೆ ಬೀಳುತ್ತದೆ. ಎದುರಿಗೆ ಕೂತವರಿಗೂ ಮುಜುಗರ.

ಕ್ಲೋಸ್‌ಅಪ್ ಫಿಲ್ಟರ್ ಲೆನ್ಸಿನ ಮುಂದೆ ಕೂರುತ್ತದೆ, ಓದುವ ಕನ್ನಡಕದ ಹಾಗೆ. ಇದರ ಲೆಕ್ಕ ಉಲ್ಟಾ. ಟ್ಯೂಬು ಚಿಕ್ಕ ಫೋಕಲ್ ಲೆಂಗ್ತ್‌ನಲ್ಲಿ ಜೋರು, ಫಿಲ್ಟರ್ ಉದ್ದದ್ದರಲ್ಲಿ ಜೋರು. ಪ್ಲಸ್ 2 (ಕನ್ನಡಕದ ಪವರ್ ಇದ್ದ ಹಾಗೆ) ಫಿಲ್ಟರ್ 200 ಎಂಎಂನಲ್ಲಿ 0.4 ಕೊಡುತ್ತದೆ, 50ರಲ್ಲಿ ಬರೀ 0.1. 85ರಲ್ಲಿ 0.17, ಹೆಚ್ಚುಕಡಿಮೆ ಟ್ಯೂಬಿನಷ್ಟೇ. ಬೆಳಕೂ ಕಡಿಮೆಯಾಗುವುದಿಲ್ಲ. ಟ್ಯೂಬಿನಲ್ಲಿ 0.27ಕ್ಕೆ ಹೋದಾಗ ಸುಮಾರು ಮುಕ್ಕಾಲು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ). ಮೋಡ ಕವಿದ ಬೆಂಗಳೂರಿನ ಮಧ್ಯಾಹ್ನದಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಬಿಳಿ ಥರ್ಮಕೋಲ್ ಹಾಳೆಯೊಂದನ್ನು ಅಜ್ಜಿಯ ಇನ್ನೊಂದು ಬದಿಗೆ ಒರಗಿಸಿದ್ದರಿಂದ ನೆರಳು ತಿಳಿಯಾಯಿತು. ಆದರೆ ಒಂದೇ ಗಾಜಿನ ಅಗ್ಗದ ಫಿಲ್ಟರ್ ಮೂಗುಬೊಟ್ಟಿನ ಹೊಳಪಿನ ಸುತ್ತ ನೇರಳೆ ಅಂಚು ಬಿಡುತ್ತದೆ, ಫ್ರೇಮಿನ ಬದಿಗಳು ಮಸುಕು. ಕ್ಯಾನನ್ 500ಡಿಯಂಥ ಎರಡು ಗಾಜಿನ ಫಿಲ್ಟರ್‌ನಲ್ಲಿ ಈ ತೊಂದರೆ ತುಂಬಾ ಕಡಿಮೆ.

ಚೌಕಿಯಲ್ಲಿ ಮಾತ್ರ ಮ್ಯಾಕ್ರೊಗೆ ಸಾಟಿಯಿಲ್ಲ. ಈಗ ಕಣ್ಣಿನ ಬಣ್ಣದ ಫೋಟೋ ತೆಗೆಯುತ್ತೀರಿ, ಮರುಕ್ಷಣ ಕಿರೀಟ ಕಟ್ಟಿಕೊಂಡು ಕಲಾವಿದರು ಎದ್ದು ನಿಲ್ಲುತ್ತಾರೆ. ಅಲ್ಲಿ ಟ್ಯೂಬ್ ಬಿಚ್ಚುತ್ತಾ ಕೂರೋಕಾಗಲ್ಲ. ಬಣ್ಣದ ಪುಡಿ ಹಾರಾಡುವ ಕೋಣೆಯಲ್ಲಿ ಲೆನ್ಸ್ ಬಿಚ್ಚಿ ಸೆನ್ಸರ್ ತೆರೆದಿಡುವುದೂ ಸರಿಯಲ್ಲ. ಮ್ಯಾಕ್ರೊ ಕಣ್ಣರೆಪ್ಪೆಯಿಂದ ಕೋಣೆಯ ಆ ತುದಿಯವರೆಗೆ ಫೋಕಸ್ ಮಾಡುತ್ತದೆ. ಅಜ್ಜಿಯ ಫೋಟೋಗಳಲ್ಲಿ, ಎಫ್ 5.6ರಲ್ಲಿ, ಮಧ್ಯಭಾಗದಲ್ಲಿ ಟ್ಯೂಬಿಗೂ ಮ್ಯಾಕ್ರೊಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಮುಖಕ್ಕೆ 1:1 (ಸೆನ್ಸರ್ ಮೇಲೆ ನಿಜವಾದಷ್ಟೇ ಗಾತ್ರ) ಬೇಕಾಗುವುದೂ ಇಲ್ಲ. ಹಾಗಾಗಿ ಮನೆಮಂದಿಯ ಫೋಟೋಗೆ 85ರ ಜೊತೆ 12 ಎಂಎಂ ಟ್ಯೂಬೇ ನನ್ನ ಆಯ್ಕೆ, ಮ್ಯಾಕ್ರೊ ಬೇಕಾದಾಗ ಬಾಡಿಗೆಗೆ.

ಟ್ಯೂಬ್ ಹಾಕಿ ಎಫ್ 1.8ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ 2 ಮಿಲಿಮೀಟರ್ ಆಸುಪಾಸು. ರೆಪ್ಪೆ ಬಂದರೆ ಕಣ್ಣುಗುಡ್ಡೆ ಬರಲ್ಲ. ಎಫ್ 5.6ಕ್ಕೆ 6 ಮಿಲಿಮೀಟರ್ ಹತ್ತಿರ ಸಿಗುತ್ತದೆ. ಆಟೋಫೋಕಸ್ ತಡಕಾಡುತ್ತದೆ, ಮ್ಯಾನುವಲ್‌ಗೆ ಹಾಕಿ ನೀವೇ ನಿಧಾನಕ್ಕೆ ಮುಂದೆ ಹಿಂದೆ ವಾಲಿ. ಟ್ಯೂಬ್ ಕೊಳ್ಳುವಾಗ ಒಳಗೆ ಕ್ಯಾಮೆರಾವನ್ನೂ ಲೆನ್ಸನ್ನೂ ಬೆಸೆಯುವ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇದೆಯಾ ನೋಡಿ. ಅದಿಲ್ಲದಿದ್ದರೆ ಕ್ಯಾನನ್ ಇಎಫ್ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಅಪರ್ಚರ್ ರಿಂಗ್ ಇರುವ ಹಳೇ ಲೆನ್ಸ್ ಇದ್ದವರಿಗೆ ಅಗ್ಗದ್ದೇ ಸಾಕು.