ಏರ್ ಟ್ರ್ಯಾಕ್ಟರ್ 802: ಔಷಧಿ ಹೊಡೆಯೋಕೂ ಸೈ, ಬೆಂಕಿ ಆರಿಸೋಕೂ ಸೈ

ನೋಡೋಕೆ ಅಂದಚಂದ ಏನೂ ಇಲ್ಲ. ಉದ್ದ ಮೂತಿ, ಒಂದೇ ಎಂಜಿನ್, ಬಾಲದಲ್ಲೊಂದು ಪುಟ್ಟ ಚಕ್ರ. ಅಮೆರಿಕದ ಟೆಕ್ಸಸ್‌ನಲ್ಲಿರುವ ಓಲ್ನಿ ಎಂಬ ಸಣ್ಣ ಊರಲ್ಲಿ ತಯಾರಾಗುವ ಈ ವಿಮಾನ ಮೊದಲು ಹಾರಿದ್ದು 1990ರಲ್ಲಿ. ಔಷಧಿ ಇಲ್ಲವೇ ನೀರು ತುಂಬುವ ಟ್ಯಾಂಕು ಸುಮಾರು 3,000 ಲೀಟರ್ ಹಿಡಿಯುತ್ತದೆ. ನಮ್ಮ ಎಚ್‌ಎಎಲ್ ಕೂಡ 70ರ ದಶಕದಲ್ಲಿ ಬಸಂತ್ ಅಂತ ಔಷಧಿ ಹೊಡೆಯೋ ವಿಮಾನ ಮಾಡಿತ್ತು, ಎಷ್ಟು ಜನಕ್ಕೆ ನೆನಪಿದೆಯೋ! ಅದರದ್ದು 400 ಎಚ್‌ಪಿ ಎಂಜಿನ್. ಇದರದ್ದು ಅದಕ್ಕಿಂತ ಮೂರು ಪಟ್ಟು ಜಾಸ್ತಿ.

ನನಗೆ ಹಿಡಿಸಿದ್ದು ಇದನ್ನು ಬೀಳಬಹುದು ಎಂದುಕೊಂಡೇ ಕಟ್ಟಿರುವ ರೀತಿ. ಟ್ಯಾಂಕು ಎಂಜಿನ್‌ಗೂ ಪೈಲಟ್‌ಗೂ ನಡುವೆ ಇದೆ, ಹಾಗಾಗಿ ಮೂತಿ ನೆಲಕ್ಕೆ ಬಡಿದರೂ ಮೂರು ಟನ್ ನೀರು ಹಿಂದಿನಿಂದ ಬಂದು ಪೈಲಟ್ ಬೆನ್ನಿಗೆ ಗುದ್ದುವುದಿಲ್ಲ. ಸುತ್ತ ಉಕ್ಕಿನ ಪೈಪಿನ ಚೌಕಟ್ಟು. ಹೊಲದ ಮೇಲೆ ಹಾರುವವರಿಗೆ ಕರೆಂಟ್ ತಂತಿಯೇ ಯಮ, ಅದಕ್ಕೇ ಮುಂದಿನ ಗಾಜಿನ ಮಧ್ಯೆ, ಚಕ್ರದ ಕಾಲುಗಳ ಮೇಲೆ ತಂತಿ ಕತ್ತರಿಸುವ ಅಲಗು ಇರುತ್ತದೆ, ಕಾಕ್‌ಪಿಟ್ ನೆತ್ತಿಯಿಂದ ಬಾಲದ ತುದಿಗೆ ಉಕ್ಕಿನ ಹಗ್ಗ ಬಿಗಿದಿರುತ್ತದೆ. ತಂತಿ ಅದರ ಮೇಲೆ ಜಾರಿಹೋಗಲಿ ಅಂತ. ದಪ್ಪ ಲೈನ್ ಆದರೆ ದೇವರೇ ಗತಿ. ಏರುವಾಗ ಎಂಜಿನ್ ಕೈಕೊಟ್ಟರೆ ಟ್ಯಾಂಕಿನ ಬಾಗಿಲು ತೆರೆದು ಅಷ್ಟೂ ಭಾರವನ್ನು ಕೆಲವೇ ಸೆಕೆಂಡಲ್ಲಿ ಚೆಲ್ಲಬಹುದು.

ಆದರೆ ರೆಕ್ಕೆಯ ವಿಷಯದಲ್ಲಿ ಹುಷಾರು. ದಿನವಿಡೀ ಭಾರ ಹೊತ್ತು, ತಿರುಗಿ, ಚೆಲ್ಲಿ, ಮತ್ತೆ ತುಂಬಿ ರೆಕ್ಕೆಯ ಒಳತೊಲೆ ದಣಿಯುತ್ತದೆ. ಈ ಕಂಪನಿಯ ವಿಮಾನಗಳಲ್ಲಿ ಅಲ್ಲಿ ಬಿರುಕು ಕಂಡು, ಅಮೆರಿಕದ ವಿಮಾನಯಾನ ಇಲಾಖೆ ಕಡ್ಡಾಯ ತಪಾಸಣೆಗೆ ಆದೇಶವನ್ನೇ ಹೊರಡಿಸಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ ಆ ದಾಖಲೆ ಮೊದಲು ಕೇಳಿ.

ಇದೇ 802ರಲ್ಲಿ ಬೆಂಕಿಗೆ ಅಂತಲೇ ಇರುವ, ನೀರಿನ ಮೇಲೂ ಇಳಿಯುವ ಮಾದರಿ ಫೈರ್ ಬಾಸ್. ಚಕ್ರದ ಜಾಗದಲ್ಲಿ ದೋಣಿಯಂಥ ಎರಡು ತೇಲುಗಳು, ಅದರಲ್ಲೇ ಮಡಚುವ ಚಕ್ರ. ಕೆರೆಯ ಮೇಲೆ ಓಡುತ್ತಲೇ ಸುಮಾರು 15 ಸೆಕೆಂಡಲ್ಲಿ ನೀರು ಹೀರಿಕೊಳ್ಳುತ್ತದೆ. ಬೆಲೆ ತೆರಬೇಕು ಅಲ್ವಾ? ತೇಲುಗಳ ಭಾರಕ್ಕೆ ಇಂಧನ ತುಂಬಿರುವಾಗ ಪೂರ್ತಿ ನೀರು ಹೊರಲಾಗದು, ಚಕ್ರ ಇಳಿಸಿಕೊಂಡೇ ನೀರಿಗೆ ಕೂತರೆ ವಿಮಾನ ಮಗುಚುತ್ತದೆ.

ಇಸ್ರೇಲ್ 2010ರ ಕಾರ್ಮೆಲ್ ಕಾಡ್ಗಿಚ್ಚಿನ ನಂತರ 802 ತರಿಸಿಕೊಂಡಿತು. ನಮಗೆ? 2019ರಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ ತೂಗಿಸಿಕೊಂಡು ನೀರು ಸುರಿದವು. ಕಬಿನಿ ಹಿನ್ನೀರಲ್ಲಿ ಒಣಮರದ ಬೊಡ್ಡೆಗಳು ಎದ್ದು ನಿಂತಿವೆ, ಅಲ್ಲಿ ಫೈರ್ ಬಾಸ್ ಇಳಿಸಲು ಧೈರ್ಯ ಬೇಕು. ಬಂಡೀಪುರಕ್ಕೆ ನನ್ನ ವೋಟು ಇನ್ನೂ ಹೆಲಿಕಾಪ್ಟರ್‌ಗೇ.