ಲೈಬ್ರರಿ ಹೆಡರ್ ಕ್ಲೀನ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

32-ಬಿಟ್ ಎಆರ್‌ಎಂ ಬೋರ್ಡ್‌ಗೆ ಸಿ ಲೈಬ್ರರಿ ಬರೆಯುವವರು, ಬಳಸುವವರು ದಯವಿಟ್ಟು ಗಮನಿಸಿ. ಹೊರಗಿನಿಂದ ತಂದ ಒಂದು ಲೈಬ್ರರಿಯ ಹೊಸ ವರ್ಷನ್ ಹಾಕಿದ್ದೆವು. ಬೇಡದ ಇನ್‌ಕ್ಲೂಡ್‌ಗಳನ್ನು (ಬೇರೆ ಹೆಡರ್ ಫೈಲ್ ಸೇರಿಸುವ ಸಾಲುಗಳನ್ನು) ತೆಗೆದಿದ್ದೇವೆ ಅಂತಷ್ಟೇ ಲೈಬ್ರರಿಯವರು ತಿಳಿಸಿದ್ದರು. ಕಂಪೈಲ್ ಆಯಿತು, ಲಿಂಕ್ ಆಯಿತು, ಒಂದು ವಾರ್ನಿಂಗೂ ಇಲ್ಲ. ಆದರೆ ಬೋರ್ಡ್‌ನಲ್ಲಿ ರೆಕಾರ್ಡಿಂಗ್ ಫೈಲ್‌ಗಳು ಹಾಳಾಗತೊಡಗಿದವು. ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ಸರಿಯಾಗಿತ್ತು.

ಲೈಬ್ರರಿಯ ಪಬ್ಲಿಕ್ ಹೆಡರ್‌ನ, ಅಂದರೆ ಬಳಸುವವರು ತಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಫೈಲಿನ, ಮೊದಲ ಸಾಲಿನಲ್ಲಿ ಒಂದು ಪುಟ್ಟ ಹೆಡರ್ ಸೇರುತ್ತಿತ್ತು. ಅದರೊಳಗೆ ಇದ್ದದ್ದು ಫೈಲ್ ಆಫ್‌ಸೆಟ್ ಬಿಟ್ಸ್ ಮ್ಯಾಕ್ರೋ ಮಾತ್ರ, ಬೆಲೆ 64. ಆಫ್_ಟಿ, ಅಂದರೆ ಫೈಲ್‌ನೊಳಗಿನ ಸ್ಥಾನ ಹೇಳುವ ಟೈಪ್, ಎಷ್ಟು ಬಿಟ್ ಅಂತ ಹೇಳುವುದು ಇದೇ. ಅದರಿಂದ ಯಾವ ಟೈಪೂ, ಫಂಕ್ಷನ್ನೂ ನೇರವಾಗಿ ಬಳಕೆಯಾಗುತ್ತಿರಲಿಲ್ಲ. ಬೇಡದ ಇನ್‌ಕ್ಲೂಡ್ ಹುಡುಕುವ ಟೂಲ್ ಅದನ್ನು ಬೇಡದ್ದು ಅಂತ ತೋರಿಸಿತು, ಅವರು ತೆಗೆದರು. ಅವರ ಮೇಕ್‌ಫೈಲ್‌ನಲ್ಲಿ ಅದೇ ಮ್ಯಾಕ್ರೋ ಬೇರೆ ಇತ್ತು, ಹಾಗಾಗಿ ಅವರ ಟೆಸ್ಟ್‌ಗಳೆಲ್ಲ ಪಾಸ್. ನಮ್ಮ ಬಿಲ್ಡ್‌ನಲ್ಲಿ ಇರಲಿಲ್ಲ.

ಈಗ ಆ ಪಬ್ಲಿಕ್ ಹೆಡರ್‌ನಲ್ಲಿರುವ ಸ್ಟ್ರಕ್ಟ್ ನೋಡಿ. ಎರಡೇ ಫೀಲ್ಡ್: ಆಫ್_ಟಿ ಟೈಪಿನ ಆಫ್‌ಸೆಟ್, ಅದರ ಕೆಳಗೆ ಇಂಟ್ ಫ್ಲ್ಯಾಗ್ಸ್. ಲೈಬ್ರರಿಯ ಲೆಕ್ಕದಲ್ಲಿ ಆಫ್_ಟಿ 8 ಬೈಟ್, ಇಡೀ ಸ್ಟ್ರಕ್ಟ್ 16 (ಕೊನೆಯ 4 ಖಾಲಿ ಜಾಗ). ನಮ್ಮ ಲೆಕ್ಕದಲ್ಲಿ 4 ಮತ್ತು 8. ಆಫ್‌ಸೆಟ್ ಸರಿಯಾಗಿಯೇ ಕಾಣುತ್ತದೆ, ಫ್ಲ್ಯಾಗ್ಸ್ ಮಾತ್ರ ಯಾವಾಗಲೂ ಸೊನ್ನೆ. ಯಾಕೆಂದರೆ ನಾವು ಓದುತ್ತಿದ್ದದ್ದು ಆಫ್‌ಸೆಟ್‌ನ ಮೇಲಿನ ಅರ್ಧವನ್ನು. ನಿಜವಾದ ಫ್ಲ್ಯಾಗ್ಸ್ ಸ್ಟ್ಯಾಕ್‌ನಲ್ಲಿ ಪಕ್ಕದ ವೇರಿಯಬಲ್ ಮೇಲೆ ಹೋಗಿ ಕೂರುತ್ತಿತ್ತು. ಸಿ ಸಿಂಬಲ್ ಹೆಸರಿನಲ್ಲಿ ಟೈಪ್ ಇರುವುದಿಲ್ಲವಲ್ಲ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಗೊತ್ತಾಗುವುದೇ ಇಲ್ಲ. 64-ಬಿಟ್ ಲಿನಕ್ಸ್‌ನಲ್ಲಿ ಆಫ್_ಟಿ ಹೇಗೂ 8 ಬೈಟ್, ಅದಕ್ಕೇ ಲ್ಯಾಪ್‌ಟಾಪ್‌ನಲ್ಲಿ ತೊಂದರೆ ಕಾಣಲಿಲ್ಲ.

ಬೈನರಿಗಳ ಇಂಟರ್‌ಫೇಸ್ ಹೋಲಿಸುವ ಎಬಿಐಡಿಫ್ ಟೂಲ್ ಕೂಡ ಹಳೆಯ, ಹೊಸ ಬೈನರಿಗಳಲ್ಲಿ ವ್ಯತ್ಯಾಸ ತೋರಿಸಲಿಲ್ಲ. ತೋರಿಸುವುದಾದರೂ ಹೇಗೆ? ಬೈನರಿ ಬದಲಾಗಿಯೇ ಇಲ್ಲ, ಬದಲಾಗಿದ್ದು ಬಳಸುವವರ ಕಡೆಯ ಅರ್ಥ. ಸ್ಟ್ರಕ್ಟ್‌ನ ಲೇಔಟ್ ತೋರಿಸುವ ಪಾಹೋಲ್‌ನಿಂದ ನಮ್ಮ ಆಬ್ಜೆಕ್ಟ್ ಫೈಲನ್ನೂ ಲೈಬ್ರರಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಗುಟ್ಟು ರಟ್ಟಾಯಿತು. ಟೈಪ್ ಸೈಜ್ ಬದಲಾಗುವುದು ಸಣ್ಣ ವಿಷಯ ಅಲ್ಲ. 2024ರಲ್ಲಿ ಡೆಬಿಯನ್ ಲಿನಕ್ಸ್ 32-ಬಿಟ್ ಎಆರ್‌ಎಂನಲ್ಲಿ ಸಮಯ ಇಡುವ ಟೈಪ್ ಆದ ಟೈಮ್_ಟಿಯನ್ನು 64-ಬಿಟ್ ಮಾಡಿದಾಗ ಎಷ್ಟೋ ಲೈಬ್ರರಿ ಪ್ಯಾಕೇಜ್‌ಗಳ ಹೆಸರಿಗೆ ಟಿ64 ಅಂತ ಸೇರಿಸಬೇಕಾಯಿತು.

ಒಳಗಿನ ಹೆಡರ್‌ಗಳನ್ನು ಬೇಕಾದಷ್ಟು ಕ್ಲೀನ್ ಮಾಡಿ. ಪಬ್ಲಿಕ್ ಹೆಡರ್‌ನಲ್ಲಿ ಮಾತ್ರ ಟೂಲ್ ಹೇಳಿತು ಅಂತ ಸುಮ್ನೆ ಒಂದು ಸಾಲನ್ನೂ ಅಳಿಸಬೇಡಿ. ಇನ್‌ಕ್ಲೂಡ್-ವಾಟ್-ಯು-ಯೂಸ್ ಟೂಲ್ ಬಳಸುತ್ತಿದ್ದರೆ ಇಂಥ ಸಾಲಿಗೆ ಕೀಪ್ ಪ್ರಾಗ್ಮಾ (ಇದನ್ನು ತೆಗೆಯಬೇಡ ಅನ್ನುವ ಗುರುತು) ಹಾಕಿ. ಅದಕ್ಕಿಂತ ಒಳ್ಳೆಯದು, ಪಬ್ಲಿಕ್ ಸ್ಟ್ರಕ್ಟ್‌ನಲ್ಲಿ ಆಫ್_ಟಿ ಬೇಡವೇ ಬೇಡ, ಯಾವಾಗಲೂ 8 ಬೈಟ್ ಇರುವ ಇಂಟ್64_ಟಿ ಬಳಸಿ. ಹೆಡರ್‌ನಲ್ಲೇ ಸ್ಟ್ರಕ್ಟ್ ಸೈಜ್ 16 ಅಂತ ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ವೇಳೆಯ ಪರೀಕ್ಷೆ) ಇದ್ದಿದ್ದರೆ ನಮ್ಮ ಕಂಪೈಲ್ ಅಲ್ಲೇ ನಿಲ್ಲುತ್ತಿತ್ತು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ, ಆ ಮ್ಯಾಕ್ರೋವನ್ನು ನಿಮ್ಮ ಬಿಲ್ಡ್ ಫ್ಲ್ಯಾಗ್‌ನಲ್ಲೇ ಕೊಟ್ಟು ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡಿ. ಹಳೆಯ ಆಬ್ಜೆಕ್ಟ್ ಫೈಲ್ ಒಂದು ಉಳಿದರೂ ತೊಂದರೆ ಹಾಗೇ ಇರುತ್ತದೆ.