ಪೆಟ್ರೋಲ್ ಟ್ಯಾಂಕಿನ ಕಸಕ್ಕೆ ಮೂರು ದಾರಿ: ನನ್ನ ಆಯ್ಕೆ ಟ್ಯಾಂಕ್ ಇಳಿಸುವುದು

ಏರು ಹತ್ತುವಾಗ ಕಾರು ಎಳೆಯುತ್ತಿರಲಿಲ್ಲ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಯಾಗುತ್ತಿತ್ತು. ಟ್ಯಾಂಕಿನೊಳಗಿನ ತುಕ್ಕು, ಮಣ್ಣು ಪಂಪಿನ ಜಾಲರಿಗೆ ಅಂಟಿಕೊಂಡು, ಪಂಪ್ ನಿಂತ ಮೇಲೆ ಉದುರುತ್ತಿತ್ತು. ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಸುರಿದದ್ದಾಯಿತು, ಪಂಪಿನ ಬಾಯಿಯಿಂದ, ಅಂದರೆ ಟ್ಯಾಂಕಿನಲ್ಲಿ ಪಂಪ್ ಕೂರುವ ರಂಧ್ರದಿಂದ, ಕಸ ತೆಗೆದದ್ದಾಯಿತು, ಕೊನೆಗೆ ಟ್ಯಾಂಕ್ ಇಳಿಸಿ ತೊಳೆದದ್ದೂ ಆಯಿತು. ಇನ್ನು ಮುಂದೆ ಕಸ ಕಂಡರೆ ನೇರವಾಗಿ ಟ್ಯಾಂಕ್ ಇಳಿಸುವುದೇ.

ಕ್ಲೀನರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹಳೇ ಪೆಟ್ರೋಲ್ ಬಿಟ್ಟ ಅಂಟನ್ನು ಅದು ಕರಗಿಸುತ್ತದೆ. ಮಣ್ಣು, ತುಕ್ಕು ಕರಗುವುದಿಲ್ಲ.

ಪಂಪಿನ ಬಾಯಿಯ ದಾರಿ ಸುಲಭ ಅನಿಸುತ್ತದೆ. ನನ್ನ ಕಾರಿನಲ್ಲಿ ಹಿಂದಿನ ಸೀಟಿನಡಿಯ ಮುಚ್ಚಳ ತೆಗೆದರೆ ಪಂಪ್ ಕಾಣುತ್ತದೆ. ತೊಂದರೆ ಇರುವುದು ಒಳಗಿನ ಅಡ್ಡ ತಗಡುಗಳಲ್ಲಿ. ಕಾರು ತಿರುಗುವಾಗ ಪೆಟ್ರೋಲ್ ಒಂದೇ ಕಡೆ ನುಗ್ಗದಂತೆ ಅವನ್ನು ಇಟ್ಟಿರುತ್ತಾರೆ. ಪಂಪಿನ ಕೆಳಗಿನ ಕಸ ಒರೆಸಬಹುದು, ಆದರೆ ತಗಡಿನ ಆಚೆ ಕೈ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಮೇಲಿನಿಂದ ನೋಡಿದರೆ ಟ್ಯಾಂಕ್ ಫಳಫಳ. ಪೆಟ್ರೋಲ್ ತುಂಬಿ ಓಡಿಸಿದ ಮೇಲೆ ಆಚೆಯ ಕಸ ಈಚೆ ಬಂತು, ಹಳೇ ರೋಗ ಮರಳಿತು. ಜೊತೆಗೆ ಪಂಪಿನ ರಬ್ಬರ್ ರಿಂಗ್ ಬೇರೆ. ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ಅದರ ಜಾಗದಲ್ಲಿ ಕೂರುವುದಿಲ್ಲ. ಅದನ್ನೇ ಒತ್ತಿ ಕೂರಿಸಿದರೆ ಆವಿ ಸೋರಿ ಕಾರಿನೊಳಗೇ ಬರುತ್ತದೆ. ಪಂಪ್ ಬಿಚ್ಚುವ ಮೊದಲೇ ಹೊಸ ರಿಂಗ್ ಕೈಯಲ್ಲಿರಬೇಕು.

ಟ್ಯಾಂಕ್ ಇಳಿಸಿದಾಗ ತಗಡಿನ ಗೋಳು ಇಲ್ಲ, ಹೊಸ ರಿಂಗ್ ಮಾತ್ರ ಆಗಲೂ ಬೇಕು. ಬಿಸಿನೀರು, ಸೋಪು ಹಾಕಿ ಕುಲುಕಿ, ತಲೆಕೆಳಗೆ ಮಾಡಿ ಸುರಿದರೆ ತಗಡಿನ ಹಿಂದಿನದೂ ಹೊರಗೆ ಬರುತ್ತದೆ. ಪೂರ್ತಿ ಒಣಗುವವರೆಗೆ ಕಾಯಬೇಕು, ಉಕ್ಕಿನ ಟ್ಯಾಂಕ್ ಆದರೆ ಒದ್ದೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಯಾವ ದಾರಿಯಲ್ಲಿ ಟ್ಯಾಂಕ್ ಬಿಚ್ಚಿದರೂ ಆವಿಯ ಭಯ ಇರಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ತಗ್ಗಿನಲ್ಲಿ ಕೂರುತ್ತದೆ. ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಬೆರೆತರೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕಿನೊಳಗೆ ಆವಿಯ ಜೊತೆ ಗಾಳಿಯೂ ಸೇರಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದು ಅಪಾಯಕಾರಿ ಅನ್ನುವುದು ಇದಕ್ಕೇ. ಕೆಲಸ ಬಯಲಿನಲ್ಲೇ ಆಗಲಿ, ಗ್ಯಾರೇಜಿನ ಗುಂಡಿಯ ಮೇಲೆ ಬೇಡ. ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ಓಡಿಸಿ, ಅದು ತಾನಾಗಿ ನಿಲ್ಲುವವರೆಗೆ ಬಿಡಿ, ಪೈಪಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹತ್ತಿರವೂ ತರಬೇಡಿ, ಅದರ ಮೋಟರಿನಲ್ಲೇ ಕಿಡಿ ಇರುತ್ತದೆ. ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯಲೇಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆಯೇ ಗತಿ. ಪೆಟ್ರೋಲಿಗೆ ತಕ್ಕ ಕೈಪಂಪ್ ಬಳಸಿ, ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಪಕ್ಕದಲ್ಲಿರಲಿ.

ಟ್ಯಾಂಕ್ ಇಳಿಸುವುದಕ್ಕೆ ಕೂಲಿ ಜಾಸ್ತಿ, ನಿಜ. ಆದರೆ ನಾನು ಒಂದು ಕಾರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವನು. ಎರಡು ಸಲ ಬಿಚ್ಚುವ ಕೂಲಿ, ಕಸ ತಿಂದು ಕೆಡುವ ಪಂಪಿನ ಖರ್ಚು ಸೇರಿಸಿದರೆ ನನಗೆ ಇದೇ ಅಗ್ಗ. ಕಾರನ್ನು ಸದ್ಯದಲ್ಲೇ ಮಾರುವವರು, ಕಸ ಸ್ವಲ್ಪವೇ ಇರುವವರು ಪಂಪಿನ ಬಾಯಿಯಿಂದಲೇ ತೆಗೆಸಿದರೂ ನಡೆದೀತು. ಜಾಲರಿ, ಫಿಲ್ಟರ್ ಮಾತ್ರ ಆಗಲೇ ಹೊಸದು ಹಾಕಿಸಿ.